ಸೌಟು ತಾತನ ಹೊಸ ಒಲೆ

ಹಾಲು ಉಕ್ಕಿ ಒಲೆ ಆರಿಹೋಗುವುದು ಯಾರ ಮನೆಯಲ್ಲಿ ಆಗಿಲ್ಲ ಹೇಳಿ. ಛೆ ಎನ್ನುತ್ತೇವೆ, ಗ್ಯಾಸ್ ಬಂದ್ ಮಾಡುತ್ತೇವೆ, ಬಟ್ಟೆ ತಂದು ಒರೆಸುತ್ತೇವೆ. ಅಲ್ಲಿಗೆ ಮುಗಿಯಿತು. ಆದರೆ ಒಲೆ ಆರಿದ್ದು ಗೊತ್ತೇ ಆಗದಿದ್ದರೆ? ಗ್ಯಾಸ್ ಸೋರುತ್ತಿರುವ ಕೋಣೆಯಲ್ಲೇ ಒಬ್ಬರು ನೆಮ್ಮದಿಯಾಗಿ ಕೂತು ಬಟಾಣಿ ಬಿಡಿಸುತ್ತಿದ್ದರೆ? ಸೌಟು ತಾತನ ಮನೆಯಲ್ಲಿ ಆದದ್ದು ಅದೇ.

ತಾತ ಮೂವತ್ತನಾಲ್ಕು ವರ್ಷ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವರು. ಒಂದೇ ಹೊತ್ತಿಗೆ ನಾನೂರು ಜನರಿಗೆ ಬೇಯಿಸಿ ಹಾಕಿದ ಕೈ ಅವರದು. ಮಾತಾಡುವಾಗ ಕೈಯಲ್ಲಿ ಏನೂ ಇಲ್ಲದಿದ್ದರೂ ಏನನ್ನೋ ಕಲಕುತ್ತಿರುವಂತೆ ಮಣಿಕಟ್ಟು ತಿರುಗಿಸುತ್ತಾರೆ. ಅದಕ್ಕೇ ಆ ಹೆಸರು. ನಿವೃತ್ತರಾದ ಮೇಲೆ ಮಗಳ ಮನೆಯಲ್ಲಿದ್ದಾರೆ. ಮಗಳು ಸಿಟಿ ಬಸ್ಸಿನ ಕಂಡಕ್ಟರ್. ಅಳಿಯ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುತ್ತಾನೆ. ಇಬ್ಬರೂ ಬೆಳಿಗ್ಗೆ ಹೊರಟರೆ ಬರುವುದು ಸಂಜೆಗೇ. ಮಹಡಿ ಮನೆಯ ಆ ಪುಟ್ಟ ಅಡುಗೆಮನೆ ಪೂರ್ತಿ ತಾತನ ರಾಜ್ಯ. ಎರಡೂ ಕೈ ಚಾಚಿದರೆ ಎರಡು ಗೋಡೆ ಸಿಗುವಷ್ಟು ಅಗಲ, ಒಂದೇ ಕಿಟಕಿ, ಆ ಕಿಟಕಿಗೆ ಕಾಣುವುದು ಪಕ್ಕದ ಮನೆಯ ನೀರಿನ ಪೈಪು. ಆದರೂ ಅಲ್ಲಿ ನಿಂತರೆ ತಾತನ ಬೆನ್ನು ನೆಟ್ಟಗಾಗುತ್ತಿತ್ತು.

ಅವತ್ತು ಮಗಳ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತ್ತು. ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದಳು. ಮೆಟ್ಟಿಲು ಹತ್ತುತ್ತಿದ್ದಂತೆ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ಬಾಗಿಲು ತೆಗೆದರೆ ಉಸಿರು ಕಟ್ಟುವ ಹಾಗಿತ್ತು. ಅಡುಗೆಮನೆಯಲ್ಲಿ ತಾತ ಮಣೆಯ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದರು. ಒಲೆಯ ಮೇಲೆ ಉಕ್ಕಿದ ಹಾಲಿನ ಪಾತ್ರೆ, ಆರಿದ ಬರ್ನರ್, ತಿರುಗಿಸಿದ್ದ ಹಾಗೇ ಇದ್ದ ಒಲೆಯ ನಾಬು.

ಕಿಡಿ ಹಾರೀತೆಂದು ಮಗಳು ಲೈಟಿನ ಸ್ವಿಚ್ಚು ಮುಟ್ಟಲಿಲ್ಲ, ಫ್ಯಾನು ಹಾಕಲಿಲ್ಲ. ಒಲೆ ಬಂದ್ ಮಾಡಿ, ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ, ಕಿಟಕಿ ಬಾಗಿಲು ಅಗಲವಾಗಿ ತೆರೆದು, ಅಪ್ಪನ ರಟ್ಟೆ ಹಿಡಿದು ಹೊರಗೆ ಕರೆತಂದು ಮೆಟ್ಟಿಲ ಮೇಲೆ ಕೂರಿಸಿದಳು.

"ಏನಾಯ್ತು ಮಗಳೇ? ಯಾಕೆ ಇಷ್ಟು ಗಾಬರಿ?"

"ಅಪ್ಪಾ, ನಿನಗೆ ವಾಸನೆ ಬರಲಿಲ್ವಾ?"

ತಾತ ಬೆರಳಿಗೆ ಅಂಟಿದ್ದ ಬಟಾಣಿ ಸಿಪ್ಪೆಯನ್ನು ಬಿಡಿಸುತ್ತಾ ಕೂತರು.

"ಅಪ್ಪಾ, ನಿನ್ನನ್ನೇ ಕೇಳ್ತಿರೋದು."

"ನನಗೆ ಯಾವ ವಾಸನೆಯೂ ಬರಲ್ಲ," ಎಂದರು ಮೆಲ್ಲಗೆ. "ಹೋದ ವರ್ಷ ಜ್ವರ ಬಂದು ಮಲಗಿದ್ನಲ್ಲ, ಅವತ್ತಿಂದ."

"ಒಂದು ವರ್ಷದಿಂದ? ನಮಗೆ ಯಾಕೆ ಹೇಳಲಿಲ್ಲ?"

"ಅಡುಗೆಯವನಿಗೆ ಮೂಗೇ ಇಲ್ಲ ಅಂತ ಗೊತ್ತಾದ್ರೆ ಅವನ ಕೈಗೆ ಸೌಟು ಯಾರು ಕೊಡ್ತಾರಮ್ಮ?"

ಮಗಳಿಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟೇ ಮುಂದೆ ನಿಂತಿತು. ಮಾರನೆಯ ದಿನ ಕೆಲಸಕ್ಕೆ ಹೊರಡುವಾಗ ಗ್ಯಾಸ್ ಲೈಟರನ್ನು ತನ್ನ ಟಿಕೆಟ್ ಬ್ಯಾಗಿಗೆ ಹಾಕಿಕೊಂಡಳು. "ಇನ್ಮೇಲೆ ನೀನು ಒಲೆ ಹಚ್ಚೋದು ಬೇಡ. ಊಟ ಹೊರಗಿಂದ ತರ್ತೀವಿ," ಎಂದಳು. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ, ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು.

ಅದೇ ವಾರ ಕಿವಿ, ಮೂಗು, ಗಂಟಲಿನ ಡಾಕ್ಟರಿಗೂ ತೋರಿಸಿದರು. ಜ್ವರ, ನೆಗಡಿ ಬಂದು ಹೋದ ಮೇಲೆ ಕೆಲವರಿಗೆ ಹೀಗಾಗುತ್ತದೆ, ವಯಸ್ಸಾದವರಿಗೆ ಜ್ವರವಿಲ್ಲದೆಯೂ ವಾಸನೆ ಕಮ್ಮಿಯಾಗುತ್ತದೆ ಎಂದರು ಡಾಕ್ಟರು. ಬಂದರೂ ಬರಬಹುದು, ಬರದೆಯೂ ಇರಬಹುದು, ಮೂಗನ್ನು ನಂಬಿ ಗ್ಯಾಸಿನ ಮುಂದೆ ನಿಲ್ಲಬೇಡಿ ಎಂದು ಹೇಳಿ ಕಳಿಸಿದರು.

ಆಮೇಲೆ ಮನೆ ಮನೆಯ ಹಾಗಿರಲಿಲ್ಲ. ತಾತ ಒಗೆದ ಬಟ್ಟೆಗಳನ್ನು ಮಡಚಿದರು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. ಅಡುಗೆಮನೆಯ ಹೊಸ್ತಿಲ ತನಕ ಹೋಗಿ ವಾಪಸ್ ಬರುತ್ತಿದ್ದರು. ಅಳಿಯ ನಗಿಸಲು ನೋಡಿದ. "ಮಾವ, ಈ ಹೋಟೆಲ್ ಪೊಟ್ಟಣದಲ್ಲಿ ಬೇಳೆ ಎಲ್ಲಿದೆ ಅಂತ ನೀವೇ ಹುಡುಕಿ ಕೊಡಿ. ನನ್ನ ಕನ್ನಡಕಕ್ಕಂತೂ ಬೀಳ್ತಿಲ್ಲ." ತಾತ ನಗಲಿಲ್ಲ. ಎರಡು ತುತ್ತು ತಿಂದು ಕೈ ತೊಳೆದರು. ಮಗಳೂ ಹೊಟ್ಟೆ ತುಂಬ ತಿನ್ನಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಹರಿಯುವಾಗಲೆಲ್ಲ ಬ್ಯಾಗಿನೊಳಗಿನ ಲೈಟರ್ ಕೈಗೆ ತಗುಲುತ್ತಿತ್ತು. ಅಪ್ಪನನ್ನು ಕಟ್ಟಿಹಾಕಿ ಬಂದ ಹಾಗೆ ಅನ್ನಿಸುತ್ತಿತ್ತು.

ಐದನೆಯ ದಿನ ಭಾನುವಾರ. ಬಚ್ಚಲಮನೆಯ ಸ್ವಿಚ್ಚು ಕೆಟ್ಟಿದ್ದರಿಂದ ಕೆಳಗಿನ ಮನೆಯ ಕರೆಂಟಕ್ಕನನ್ನು ಕರೆದರು. ಕರೆಂಟಕ್ಕ ಆ ಬೀದಿಯ ಎಲೆಕ್ಟ್ರಿಷಿಯನ್. ಸೊಂಟಕ್ಕೆ ಟೆಸ್ಟರು ಸಿಕ್ಕಿಸಿಕೊಂಡು ಸ್ಕೂಟರಿನಲ್ಲಿ ಓಡಾಡುವ ಹೆಂಗಸು, ಬಾಯಿ ಜೋರು, ಮನಸ್ಸು ಮೆತ್ತಗೆ. ಸ್ವಿಚ್ಚು ಸರಿಮಾಡಿ ಹೊರಗೆ ಬಂದವಳು ಗಾಳಿಯಲ್ಲಿ ಮೂಗು ಆಡಿಸಿದಳು.

"ಏನಿದು, ಭಾನುವಾರ ಆದ್ರೂ ಈ ಮನೆಯಲ್ಲಿ ಈರುಳ್ಳಿ ಹುರಿಯೋ ಘಮ ಇಲ್ಲ? ತಾತಂಗೆ ಹುಷಾರಿಲ್ವಾ?"

ಮಗಳು ಎಲ್ಲ ಹೇಳಿದಳು. ಕರೆಂಟಕ್ಕ ಕೇಳಿಸಿಕೊಂಡು, ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕುತ್ತಾ ಅಂದಳು, "ನೀನು ಹೆದರಿದ್ದು ತಪ್ಪಲ್ಲ ಕಣೇ. ಆದ್ರೆ ತಾತನ ಕೈಯಿಂದ ಕಿತ್ಕೊಬೇಕಾಗಿದ್ದು ಗ್ಯಾಸನ್ನ. ನೀನು ಅಡುಗೆಮನೆಯನ್ನೇ ಕಿತ್ಕೊಂಡೆ."

ಹತ್ತು ನಿಮಿಷಕ್ಕೆ ಕರೆಂಟಕ್ಕ ತನ್ನ ಮನೆಯ ಇಂಡಕ್ಷನ್ ಒಲೆ ಎತ್ತಿಕೊಂಡು ಬಂದಳು. "ಒಂದು ವಾರ ಇಟ್ಕೊಳ್ಳಿ. ಬೇಡ ಅನ್ಸಿದ್ರೆ ವಾಪಸ್ ಕೊಡಿ," ಎಂದು ಕಟ್ಟೆಯ ಮೇಲೆ ಇಟ್ಟಳು.

ತಾತ ಹೊಸ್ತಿಲಲ್ಲಿ ನಿಂತು ನೋಡಿದರು. ಕಪ್ಪು ಗಾಜು, ಮುಂದೆ ನಾಲ್ಕು ಬಟನ್ನು.

"ಏನಮ್ಮ ಇದು, ತರಕಾರಿ ತೂಗೋ ಮಿಷನ್ ಇದ್ದ ಹಾಗಿದೆ. ಉರಿ ಎಲ್ಲಿ?"

"ಉರಿ ಇಲ್ಲ ತಾತ. ಅದೇ ಇದರ ಗುಣ. ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿ ಇದೆ. ಕರೆಂಟ್ ಹರಿದ್ರೆ ಪಾತ್ರೆಯ ತಳದಲ್ಲೇ ಬಿಸಿ ಹುಟ್ಟುತ್ತೆ. ಗ್ಯಾಸಲ್ಲಿ ಅರ್ಧ ಬಿಸಿ ಪಾತ್ರೆಯ ಪಕ್ಕದಿಂದ ಎದ್ದು ನಿಮ್ಮ ಮುಖಕ್ಕೆ ಹೊಡೆಯುತ್ತೆ. ಇಲ್ಲಿ ಹಾಗಿಲ್ಲ. ಹೊಗೆ ಇಲ್ಲ, ಸೋರೋಕೆ ಗ್ಯಾಸಿಲ್ಲ, ಗಾಳಿ ಬೀಸಿದ್ರೆ ಆರೋದಿಲ್ಲ. ಪಾತ್ರೆ ಎತ್ತಿದ್ರೆ ಬಿಸಿ ಹುಟ್ಟೋದು ನಿಲ್ಲುತ್ತೆ, ಸ್ವಲ್ಪ ಹೊತ್ತಿಗೆ ಒಲೆ ತಾನಾಗೇ ಬಂದ್ ಆಗುತ್ತೆ."

"ಹಾಲು ಉಕ್ಕಿದ್ರೆ?"

"ಉಕ್ಕಿದ್ರೆ ಗಾಜು ಒರೆಸ್ಕೊಬೇಕು. ಅಷ್ಟೇ."

ತಾತನಿಗೆ ಸೋಲಲು ಇಷ್ಟವಿರಲಿಲ್ಲ. ಅಟ್ಟಣಿಗೆಯಿಂದ ತಮ್ಮ ಹಳೆಯ ಅಲ್ಯೂಮಿನಿಯಂ ಪಾತ್ರೆ ಇಳಿಸಿದರು. ಕ್ಯಾಂಟೀನಿನಲ್ಲಿ ಮೊದಲಿಂದಲೂ ಬಳಸಿದ್ದು, ಬೀಳ್ಕೊಡುವಾಗ ಅಲ್ಲಿಯವರು ಇವರಿಗೇ ಕೊಟ್ಟದ್ದು, ಅಂಚು ಅಲ್ಲಲ್ಲಿ ನೆಗ್ಗಿತ್ತು. ನೀರು ಹಾಕಿ ಗಾಜಿನ ಮೇಲಿಟ್ಟರು. ಒಲೆ ಕೀ ಕೀ ಎಂದು ಕೂಗಿ ಸುಮ್ಮನಾಯಿತು.

"ನೋಡಿದ್ರಾ," ಎಂದರು ತಾತ, ಐದು ದಿನದಲ್ಲಿ ಮೊದಲ ಸಲ ಮುಖ ಅರಳಿತ್ತು. "ನಲವತ್ತು ವರ್ಷದ ಪಾತ್ರೆಯನ್ನ ಇದು ಒಲ್ಲೆ ಅಂತು. ನಾನೂ ಇದನ್ನ ಒಲ್ಲೆ."

ಕರೆಂಟಕ್ಕ ನಕ್ಕಳು. ಬಿದ್ದ ಸ್ಕ್ರೂ ಹೆಕ್ಕಲು ಇಟ್ಟುಕೊಂಡಿದ್ದ ಗುಂಡಗಿನ ಅಯಸ್ಕಾಂತವನ್ನು ಚೀಲದಿಂದ ತೆಗೆದಳು. "ತಾತ, ಅಯಸ್ಕಾಂತ ಯಾವ ಪಾತ್ರೆಯ ತಳಕ್ಕೆ ಗಟ್ಟಿಯಾಗಿ ಹಿಡ್ಕೊಳ್ಳುತ್ತೋ ಅದು ಇದರ ಮೇಲೆ ನಡೆಯುತ್ತೆ. ತಳ ಮಟ್ಟಸವಾಗಿರಬೇಕು. ಬನ್ನಿ ನೋಡೋಣ."

ಅಡುಗೆಮನೆಯ ನೆಲದ ಮೇಲೆ ಪಾತ್ರೆಗಳ ಮೆರವಣಿಗೆ ಕೂತಿತು. ಕಬ್ಬಿಣದ ಬಾಣಲಿಗೆ ಅಯಸ್ಕಾಂತ ಠಪ್ಪೆಂದು ಅಂಟಿತು. ಸ್ಟೀಲ್ ಪಾತ್ರೆಗಳಲ್ಲಿ ಎರಡಕ್ಕೆ ಹಿಡಿಯಿತು, ಎರಡರಿಂದ ಜಾರಿಬಿತ್ತು. ಹಿತ್ತಾಳೆಗೆ ಹಿಡಿಯಲಿಲ್ಲ. ಕುಕ್ಕರಿಗೆ ಹಿಡಿಯಿತು. ತಾತ ತಾವೇ ಅಯಸ್ಕಾಂತ ಕೈಗೆ ತೆಗೆದುಕೊಂಡು ಒಂದೊಂದನ್ನೂ ಪರೀಕ್ಷೆ ಮಾಡಿ, ಪಾಸಾದವನ್ನು ಬಲಕ್ಕೆ, ಫೇಲಾದವನ್ನು ಎಡಕ್ಕೆ ಇಟ್ಟರು.

"ಅಪ್ಪನ ಹಳೇ ಪಾತ್ರೆ ನಡೆಯೋ ಒಲೆ ಯಾವುದೂ ಇಲ್ವಾ?" ಮಗಳು ಕೇಳಿದಳು.

"ಇದೆ. ಸೆರಾಮಿಕ್ ಒಲೆ ಅಂತಾರೆ. ನೋಡೋಕೆ ಇದರ ಅಣ್ಣನೋ ತಮ್ಮನೋ ಇದ್ದ ಹಾಗಿರುತ್ತೆ. ಗಾಜಿನ ಕೆಳಗಿರೋ ಸುರುಳಿ ಕಾದು ಕೆಂಪಗಾಗುತ್ತೆ, ಗಾಜೂ ಕಾಯುತ್ತೆ. ತಳ ಮಟ್ಟಸ ಇದ್ರೆ ಯಾವ ಪಾತ್ರೆ ಬೇಕಾದ್ರೂ ಇಡಬಹುದು."

"ಕೆಂಪಗೆ ಕಾಣುತ್ತಾ?" ತಾತ ತಲೆ ಎತ್ತಿದರು. "ಅದನ್ನೇ ತಂದುಕೊಡಮ್ಮ ಹಾಗಾದ್ರೆ."

ಕರೆಂಟಕ್ಕ ಸ್ವಲ್ಪ ಯೋಚಿಸಿ ಹೇಳಿದಳು. "ತಾತ, ಸುಳ್ಳು ಹೇಳಲ್ಲ. ಒಳ್ಳೇ ಒಲೆನೇ ಅದು. ಆದ್ರೆ ಬಂದ್ ಮಾಡಿದ ಮೇಲೂ ತುಂಬ ಹೊತ್ತು ಗಾಜು ಸುಡ್ತಾ ಇರುತ್ತೆ. ನೀವೋ, ಕೊನೇ ಪಾತ್ರೆ ಇಳಿಸಿದ ತಕ್ಷಣ ಬಟ್ಟೆ ಹಿಡ್ಕೊಂಡು ಒಲೆ ಒರೆಸೋರು. ಕೈ ಸುಟ್ಕೊಳ್ತೀರಿ. ಇಂಡಕ್ಷನ್ ಗಾಜು ಕಾಯೋದು ಪಾತ್ರೆಯ ಬಿಸಿಯಿಂದ ಅಷ್ಟೇ, ಬೇಗ ತಣಿಯುತ್ತೆ. ಆದ್ರೂ ಒಂದೆರಡು ನಿಮಿಷ ತಡೆದು ಒರೆಸಿ. ಇನ್ನೊಂದು ಮಾತು. ಎದೆಯಲ್ಲಿ ಪೇಸ್‌ಮೇಕರ್ ಗೀಸ್‌ಮೇಕರ್ ಏನಾದ್ರೂ ಹಾಕಿಸ್ಕೊಂಡಿದ್ದೀರಾ?"

"ನನ್ನ ಹೃದಯಕ್ಕೆ ಏನಾಗಿದೆ? ಕೆಟ್ಟಿರೋದು ಮೂಗು."

"ಹಾಗಿದ್ರೆ ಸರಿ. ಹಾಕಿಸ್ಕೊಂಡವರು ಮೊದಲು ಡಾಕ್ಟರನ್ನ ಕೇಳಬೇಕು, ಅದಕ್ಕೇ ಕೇಳ್ದೆ."

ಸೋಮವಾರ ಮಗಳು ರಜೆ ಹಾಕಿದಳು. ತಾತ ಹೊಸ ಒಲೆಯ ಮುಂದೆ ನಿಂತರು. ಕಬ್ಬಿಣದ ಬಾಣಲಿಗೆ ಎಣ್ಣೆ ಹಾಕಿ, ಈರುಳ್ಳಿ ಸುರಿದು, ತಮಗೆ ತೋಚಿದ ಬಟನ್ನು ಒತ್ತಿ ಬಟಾಣಿ ತೊಳೆಯಲು ನಲ್ಲಿಯತ್ತ ತಿರುಗಿದರು. ಗ್ಯಾಸಿನ ಉರಿಯಲ್ಲಾದರೆ ಅಷ್ಟು ಹೊತ್ತು ಹಿಡಿಯುತ್ತಿತ್ತು. ಇಲ್ಲಿ ಹಿಡಿಯಲಿಲ್ಲ. ತಿರುಗಿ ನೋಡಿದಾಗ ಈರುಳ್ಳಿ ಅರ್ಧ ಕಪ್ಪಗಾಗಿತ್ತು. ಹೊತ್ತಿದ ವಾಸನೆಗೆ ಮಗಳು ಓಡಿ ಬಂದು ಬಟನ್ನು ಒತ್ತಿದಳು.

ತಾತ ಬಾಣಲಿಯನ್ನೇ ನೋಡುತ್ತಾ ನಿಂತರು. "ಮುಂಚೆ ಆಗಿದ್ರೆ ಹೊತ್ತೋದಕ್ಕೆ ಮುಂಚೆನೇ ಮೂಗು ಹೇಳ್ತಿತ್ತು. ಸಾಕಮ್ಮ. ಹೋಟೆಲ್ ಪೊಟ್ಟಣನೇ ತರಿಸು. ನಾನು ನಿಮ್ಮನ್ನ ಸುಡೋದು ಬೇಡ."

ಇಷ್ಟು ದಿನ ಅಪ್ಪನನ್ನು ಹೇಗೆ ತಡೆಯಲಿ ಎಂದು ಯೋಚಿಸಿದ್ದ ಮಗಳು ಈಗ ಅವರನ್ನು ಹೋಗಲು ಬಿಡಲಿಲ್ಲ. ಮೇಜಿನ ಹತ್ತಿರದ ಸ್ಟೂಲು ಎಳೆದು ಕಟ್ಟೆಯ ಪಕ್ಕ ಇಟ್ಟಳು.

"ಕೂತ್ಕೋ ಅಪ್ಪ. ನಾನು ಚಿಕ್ಕವಳಿದ್ದಾಗ ಕ್ಯಾಂಟೀನಿಗೆ ಬರ್ತಿದ್ದೆ, ನೆನಪಿದೆಯಾ? ನೀನು ಅಷ್ಟು ಗಲಾಟೆಯಲ್ಲಿ, ಅಷ್ಟು ದೂರದಲ್ಲಿ ಬೆನ್ನು ತಿರುಗಿಸಿ ನಿಂತು, 'ಮೂರನೇ ಒಲೆ ತಗ್ಗಿಸ್ರೋ' ಅಂತಿದ್ದೆ. ಮೂಗಿಂದ ಗೊತ್ತಾಗ್ತಿತ್ತಾ ಅದು?"

"ಅಷ್ಟು ದೂರಕ್ಕೆ ಮೂಗು ಎಲ್ಲಿ ಹೋಗುತ್ತೆ. ಸದ್ದಿಂದ."

"ಕಿವಿ ಚೆನ್ನಾಗೇ ಇದೆಯಲ್ಲ. ನಾನು ಅಡುಗೆಮನೆಯಲ್ಲಿ ಡಬ್ಬಿ ಮುಚ್ಚಳ ತೆಗೆದ್ರೆ ಹೊರಗಿಂದ 'ಯಾವ ಡಬ್ಬಿ' ಅಂತ ಕೇಳ್ತೀಯ."

ತಾತ ಸ್ಟೂಲಿನ ಮೇಲೆ ಕೂತರು.

ಮಗಳು ಇನ್ನೊಂದು ಈರುಳ್ಳಿ ಹೆಚ್ಚಿದಳು. ಈ ಸಲ ಒಲೆಯ ಬಿಸಿಯನ್ನು ಸಣ್ಣ ಅಂಕಿಗೆ ಇಟ್ಟು ಶುರು ಮಾಡಿದರು. ಉರಿಯ ಭರಾಟೆ ಇಲ್ಲದ್ದರಿಂದ ಬಾಣಲಿಯ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಯಂತ್ರದೊಳಗಿನ ಫ್ಯಾನು ಮಾತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು, ಅದು ಎರಡು ನಿಮಿಷಕ್ಕೆ ಕಿವಿಗೆ ಅಭ್ಯಾಸವಾಯಿತು. ತಾತ ಕಣ್ಣು ಮುಚ್ಚಿದರು. ಮೊದಲು ಸೊಯ್ ಎಂದು ನೀರು ಹಾರುವ ಸದ್ದು. ಆಮೇಲೆ ಚಟಪಟ. ಚಟಪಟ ಕಮ್ಮಿಯಾಗಿ ತೆಳ್ಳಗೆ ಗುಸುಗುಟ್ಟತೊಡಗಿದ ಹೊತ್ತಿಗೆ "ಈಗ" ಎಂದರು. ಮಗಳು ಬಟನ್ನು ಒತ್ತಿದಳು. ಗ್ಯಾಸಿನಲ್ಲಾದರೆ ಉರಿ ತಗ್ಗಿಸಿದರೂ ಕಾದ ಬರ್ನರ್ ಮತ್ತೂ ಸುಡುತ್ತಿರುತ್ತದೆ. ಇಲ್ಲಿ ಬಟನ್ನು ಒತ್ತಿದೊಡನೆ ಸದ್ದು ತಗ್ಗಿತು. ಈರುಳ್ಳಿ ಹೊಂಬಣ್ಣಕ್ಕೆ ತಿರುಗಿತ್ತು.

"ಏನು ವಿಧೇಯತೆ," ಎಂದರು ತಾತ. "ಕ್ಯಾಂಟೀನಿನ ನನ್ನ ಹುಡುಗರೂ ಇಷ್ಟು ಬೇಗ ಮಾತು ಕೇಳ್ತಿರಲಿಲ್ಲ."

ಅವತ್ತು ಬಟಾಣಿ, ಈರುಳ್ಳಿ ಹಾಕಿದ ಅನ್ನವನ್ನು ಅಳಿಯ ಮೂರು ಸಲ ಬಡಿಸಿಕೊಂಡ. ವಾರದೊಳಗೆ ತಾತ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರು. ಹಾಲಿಗೆ ಇಷ್ಟು, ಬೇಳೆಗೆ ಇಷ್ಟು, ಮೊಟ್ಟೆಗೆ ಇಷ್ಟು, ಎಣ್ಣೆ ಕಾಯಿಸುವಾಗ ಯಾವತ್ತೂ ದೊಡ್ಡ ಅಂಕಿ ಬೇಡ, ಅಲ್ಲಿಂದ ಕದಲಬೇಡ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು, ಆ ಕರಿ ಈರುಳ್ಳಿಯ ನೆನಪಿಗೆ.

ವಾರ ಮುಗಿದಾಗ ಕರೆಂಟಕ್ಕ ಒಲೆ ವಾಪಸ್ ಕೇಳಲು ಬಂದಳು. ಬಾಗಿಲು ತೆಗೆದ ತಾತ, "ನಿನ್ನ ತಕ್ಕಡಿ ಒಳಗಿದೆ, ತಗೊಂಡು ಹೋಗು," ಎಂದರು. ಮಗಳು ಒಳಗಿಂದ ಓಡಿ ಬಂದಳು. ತಾತ ಮುಂದುವರಿಸಿದರು, "ನಮ್ಮದು ನಾಳೆ ಅಂಗಡಿಯಿಂದ ಬರುತ್ತೆ. ಅಳಿಯಂದಿರ ಜೊತೆ ಹೋಗಿ ನಾನೇ ನೋಡಿ ಬಂದೆ. ಬಟನ್ನು ದೊಡ್ಡದಾಗಿರೋದು ಬೇಕು ಅಂದೆ."

"ನನಗೆ ಹೇಳಲೇ ಇಲ್ಲ ನೀನು," ಎಂದಳು ಮಗಳು.

"ನೀನು ಡ್ಯೂಟಿಗೆ ಹೋಗಿದ್ದೆ."

ಕರೆಂಟಕ್ಕ ಆಗಲೇ ಗೋಡೆ ತಡಕುತ್ತಿದ್ದಳು. "ಒಲೆ ತರೋದಕ್ಕೆ ಮುಂಚೆ ಕೆಲಸ ಇದೆ. ಈ ವಾರ ಹೇಗೋ ನಡುಮನೆಯ ದೊಡ್ಡ ಪ್ಲಗ್ಗಿಂದ ನಡೆಸಿದ್ರಿ. ಅಡುಗೆಮನೆಯ ಈ ಸಣ್ಣ ಪ್ಲಗ್ಗಿಗೆ ಇದು ಭಾರ, ವೈರು ಸುಡುತ್ತೆ. ಎಕ್ಸ್‌ಟೆನ್ಷನ್ ಬೋರ್ಡಿಗೂ ಸಿಕ್ಕಿಸಬಾರದು. ದಪ್ಪ ವೈರ್ ಎಳೆದು, ಅರ್ಥಿಂಗ್ ಕೊಟ್ಟು, ದೊಡ್ಡ ಪಾಯಿಂಟ್ ಹಾಕಿಕೊಡ್ತೀನಿ. ನಲ್ಲಿಯಿಂದ ದೂರ. ಒಲೆಯನ್ನ ಗೋಡೆಗೆ ಒತ್ತಿ ಇಡಬೇಡಿ, ಅದರ ಫ್ಯಾನಿಗೆ ಗಾಳಿ ಬೇಕು."

"ಕರೆಂಟ್ ಹೋದ್ರೆ?" ಅಳಿಯ ಕೇಳಿದ.

"ಗ್ಯಾಸ್ ಇರಲಿ. ರೆಗ್ಯುಲೇಟರ್ ಬಂದ್ ಇರಲಿ. ವಾಸನೆ ಗೊತ್ತಾಗೋರು ಮನೆಯಲ್ಲಿ ಇರುವಾಗ ಮಾತ್ರ ತೆಗೀರಿ. ಒಂದು ಗ್ಯಾಸ್ ಅಲಾರಂ ಕೂಡ ಹಾಕಿಸಿ. ಮೂಗು ಮಲಗಿದ್ರೂ ಅದು ಎದ್ದಿರುತ್ತೆ."

ಹೊಸ ಒಲೆ ಬಂದು ಎರಡು ತಿಂಗಳಾದ ಮೇಲೆ ಒಂದು ಸಂಜೆ ಮಗಳು ಕೆಲಸ ಮುಗಿಸಿ ಬಂದಳು. ಊಟಕ್ಕೆ ಕೂತಾಗ ತಾತ ಬಡಿಸುತ್ತಾ, ತಟ್ಟೆಯನ್ನೇ ನೋಡುತ್ತಾ ಹೇಳಿದರು.

"ಮಗಳೇ, ಇವತ್ತು ಒಂದು ವಿಷಯ ಆಯ್ತು. ಬೇಳೆ ಇಟ್ಟು ಟೈಮರ್ ಒತ್ತಿ, ಸ್ಟೂಲ್ ಮೇಲೆ ಕೂತವನು ಹಾಗೇ ನಿದ್ದೆ ಹೋಗಿಬಿಟ್ಟೆ. ಎದ್ದಾಗ ಅರ್ಧ ಗಂಟೆ ಮೇಲಾಗಿತ್ತು. ಒಲೆ ಬಂದ್ ಆಗಿ ತಣ್ಣಗಿತ್ತು. ಬೇಳೆ ಬೆಂದಿತ್ತು. ಏನೂ ಆಗಲಿಲ್ಲ. ಆದ್ರೂ ನಿನಗೆ ಹೇಳ್ಬೇಕು ಅನ್ನಿಸ್ತು."

ಒಂದು ವರ್ಷ ಮೂಗಿನ ಸಂಗತಿಯನ್ನು ಮುಚ್ಚಿಟ್ಟಿದ್ದ ಮನುಷ್ಯ ಇವರು. ಮಗಳು ಬೈಯಲಿಲ್ಲ. ತಟ್ಟೆ ಮುಂದಕ್ಕೆ ಚಾಚಿ, "ಹೇಳಿದ್ದು ಒಳ್ಳೇದಾಯ್ತು ಅಪ್ಪ. ನಾಳೆಯಿಂದ ಮಧ್ಯಾಹ್ನ ಮೊದಲು ಮಲಗಿ ಎದ್ದು ಆಮೇಲೆ ಬೇಳೆ ಇಡು. ಈಗ ಇನ್ನೊಂದು ಸೌಟು ಹಾಕು," ಎಂದಳು.

ತಾತ ಎರಡು ಸೌಟು ಹಾಕಿದರು.

ಓದಿದವರೇ, ಕೇಳಿದವರೇ, ಇವತ್ತು ನಿಮ್ಮ ಮನೆಯ ಹಿರಿಯರ ಪಕ್ಕ ಕೂತು ಒಂದು ಮಾತು ಕೇಳಿ. "ವಾಸನೆ ಗೊತ್ತಾಗುತ್ತಾ?" ಸೋಪನ್ನೋ ನಿಂಬೆಹಣ್ಣನ್ನೋ ಮೂಗಿನ ಹತ್ತಿರ ಹಿಡಿದು ನೋಡಿ. ಗೊತ್ತಾಗದಿದ್ದರೆ ಗದರಬೇಡಿ, ಡಾಕ್ಟರಿಗೆ ತೋರಿಸಿ, ಮತ್ತು ಗ್ಯಾಸಿನ ಮುಂದೆ ಒಬ್ಬರನ್ನೇ ಬಿಡಬೇಡಿ. ಇಂಡಕ್ಷನ್ ಬೇಕೋ ಸೆರಾಮಿಕ್ ಬೇಕೋ, ನಿಮ್ಮ ಪಾತ್ರೆ ನೋಡಿ, ನಿಮ್ಮ ಮನೆಯವರ ಕೈಯ ಅಭ್ಯಾಸ ನೋಡಿ ಆರಿಸಿ. ಅಂಗಡಿಗೆ ಹೋಗುವ ಮುಂಚೆ ಪಾತ್ರೆಗಳಿಗೆ ಅಯಸ್ಕಾಂತ ಹಿಡಿಯಿರಿ, ಪ್ಲಗ್ಗು ವೈರುಗಳನ್ನು ಬಲ್ಲವರಿಗೆ ತೋರಿಸಿ. ಟೈಮರ್ ಇದೆಯೆಂದು ಒಲೆ ನಡೆಯುತ್ತಿರುವಾಗ ಮನೆ ಬಿಟ್ಟು ಹೋಗಬೇಡಿ.

ಇಷ್ಟು ಮಾಡಿದ ಮೇಲೆ, ಅಡುಗೆ ಮಾಡುವುದೆಂದರೆ ಪ್ರಾಣವಾಗಿರುವವರ ಕೈಯಲ್ಲಿ ಸೌಟು ಇರಲಿ ಬಿಡಿ. ಅವರು ಬಡಿಸಿದ್ದನ್ನು ಕೂತು ಊಟ ಮಾಡಿ.